ಕುರುಗೋಡಿನಾಕೆ ಮೊದಲು ನಡೆದಳು

ಕುರುಗೋಡಿನಾಕೆ ನನಗಿಂತ ಮೊದಲು ನಡೆದಳು. ಇಬ್ಬರಿಗೂ ಒಂದೇ ರೋಗ, ಒಂದೇ ಆಸ್ಪತ್ರೆ, ಒಬ್ಬರೇ ಡಾಕ್ಟರು, ಮಂಚಗಳೂ ಪಕ್ಕಪಕ್ಕ. ಆಕೆ ಎದ್ದು ನಡೆದ ದಿನ ನಾನು ಕಾಲಿನ ಹೆಬ್ಬೆರಳನ್ನೂ ಅಲ್ಲಾಡಿಸಲಾರದೆ ಮಲಗಿದ್ದೆ. ಅಂದು ನನ್ನ ಹೊಟ್ಟೆಯಲ್ಲಿ ಹೊತ್ತಿಕೊಂಡ ಕಿಚ್ಚಿಗೆ ಮಾತ್ರ ಯಾವ ನರದ ಅಪ್ಪಣೆಯೂ ಬೇಕಾಗಲಿಲ್ಲ. ಮೈಯೆಲ್ಲ ಸತ್ತಂತಿದ್ದರೂ ಅದೊಂದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

ನಾನು ಸಿರಿಗೇರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಮನೆ ಸಿರುಗುಪ್ಪದಲ್ಲಿ, ದಿನಾ ಸ್ಕೂಟಿಯ ಮೇಲೆ ಹೋಗಿ ಬರುವುದು. ನನ್ನ ಗಂಡ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಸೂಪರ್‌ವೈಸರ್. ಅವರ ತಾಯಿ ನಮ್ಮ ಜೊತೆಗೇ ಇದ್ದಾರೆ. ಆ ವರ್ಷ ಮಳೆಗಾಲದ ಕೊನೆಗೆ ನನಗೆ ಹೊಟ್ಟೆ ಕೆಟ್ಟು ಎರಡು ಮೂರು ದಿನ ಸುಸ್ತಾಗಿತ್ತು. ವಾಸಿಯಾಯಿತು, ಮರೆತೂ ಹೋಯಿತು. ಒಂದು ವಾರ ಕಳೆದಿರಬೇಕು, ಅಂಗಾಲಿನಲ್ಲಿ ಇರುವೆ ಹರಿದಾಡಿದ ಹಾಗೆ ಜುಮುಗುಡತೊಡಗಿತು. ಮರುದಿನ ಪಾಠ ಮಾಡುವಾಗ ಬೆರಳ ಸಂದಿಯಿಂದ ಸೀಮೆಸುಣ್ಣ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳಿಗೆ ಮೇಲೇಳಲು ಆಗಲಿಲ್ಲ. ಮೇಜನ್ನು ಹಿಡಿದು ಹೇಗೋ ಎದ್ದೆ. ಸಂಜೆ ಸಹೋದ್ಯೋಗಿಯೊಬ್ಬರು ತಮ್ಮ ಬೈಕಿನ ಮೇಲೆ ಮನೆಗೆ ಬಿಟ್ಟರು. ಸಿರುಗುಪ್ಪದ ಡಾಕ್ಟರು ನಿಶ್ಶಕ್ತಿ ಎಂದು ಸೂಜಿ ಚುಚ್ಚಿದರು. ಬೆಳಗಾಗುವಷ್ಟರಲ್ಲಿ ಸೊಂಟದ ಕೆಳಗಿನದು ನನ್ನದಲ್ಲ ಎನ್ನುವಂತಾಗಿತ್ತು.

"ಯಾರದೋ ಕಣ್ಣು ತಾಗೇತಿ," ಎಂದರು ಅತ್ತೆ. "ಕೆಂಚನಗುಡ್ಡಕ್ಕ ಕರ್ಕೊಂಡು ಹೋಗಿ ಹೊಳಿ ನೀರು ಹಾಕಿಸ್ಕೊಂಡು ಬರೋಣು."

ತಾಯಿಯ ಮಾತಿಗೆ ಎಂದೂ ಎದುರಾಡದ ನನ್ನ ಗಂಡ ಅವತ್ತು ಬಾಡಿಗೆ ಕಾರಿನ ಬಾಗಿಲು ತೆಗೆದು ನಿಂತಿದ್ದರು. "ಹೊಳಿ ಎಲ್ಲಿಗೂ ಓಡಿ ಹೋಗಂಗಿಲ್ಲಬೇ. ಮೊದ್ಲು ಬಳ್ಳಾರಿ."

ಬಳ್ಳಾರಿಯಲ್ಲಿ ನಮ್ಮನ್ನು ನೋಡಿದ್ದು ನರರೋಗ ತಜ್ಞೆ, ನಮ್ಮ ಕಡೆಯವರ ಬಾಯಲ್ಲಿ 'ನರದ ಡಾಕ್ಟರಮ್ಮ'. ಕುಳ್ಳನೆಯ ಹೆಂಗಸು, ಕೋಟಿನ ಜೇಬಿನಲ್ಲಿ ರಬ್ಬರಿನ ಸುತ್ತಿಗೆ. ಮಂಡಿಯ ಕೆಳಗೆ ಅದರಿಂದ ಹಗುರವಾಗಿ ಹೊಡೆದರು. ಕಾಲು ಎಗರಬೇಕಿತ್ತು, ಎಗರಲಿಲ್ಲ. ಇನ್ನೊಂದಕ್ಕೆ ಹೊಡೆದರು. ಗೋಡೆಗೆ ಹೊಡೆದಂತಾಯಿತು.

"ಇತ್ತೀಚಿಗೆ ಹೊಟ್ಟಿ ಏನಾರ ಕೆಟ್ಟಿತ್ತೇನ್ರಿ?"

ಕಾಲು ತೋರಿಸಲು ಬಂದರೆ ಹೊಟ್ಟೆ ಕೇಳುತ್ತಾರಲ್ಲ ಎನ್ನಿಸಿತು. ಹೌದೆಂದೆ. ರೋಗಕ್ಕೆ ಜಿ.ಬಿ.ಎಸ್. ಎಂದು ಹೆಸರು ಹೇಳಿದರು. ಹೊಟ್ಟೆಯ ಸೋಂಕಿನ ಮೇಲೆ ಯುದ್ಧಕ್ಕೆ ಹೊರಟ ಮೈಯ ಸೈನ್ಯ ಗುರುತು ತಪ್ಪಿ ತನ್ನ ನರಗಳನ್ನೇ ಹೊಡೆಯುತ್ತಿದೆ, ಇದು ಇನ್ನೂ ಮೇಲಕ್ಕೆ ಏರಬಹುದು, ಇವತ್ತೇ ಸೇರಿಸಬೇಕು ಎಂದರು. ನನ್ನ ಗಂಡ ಒಂದೇ ಪ್ರಶ್ನೆ ಕೇಳಿದರು. "ಮತ್ತ ನಡೀತಾಳೇನ್ರಿ?"

"ಹೆಚ್ಚಿನವರು ನಡೀತಾರ. ಯಾವಾಗ ಅಂತ ಕೇಳಬ್ಯಾಡ್ರಿ."

ಸೇರಿಸಿದ ಕೋಣೆಯಲ್ಲಿ ಆಗಲೇ ಒಬ್ಬಾಕೆ ಇದ್ದಳು. ನನಗಿಂತ ಎರಡು ದಿನ ಮೊದಲು ಬಂದವಳು, ಅದೇ ಕಾಯಿಲೆ. ಊರು ಕುರುಗೋಡು. ಬಳ್ಳಾರಿಯ ಅಂಗಡಿಗಳಿಗೆ ಮನೆಯಲ್ಲೇ ಕೂತು ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದಳು. ಗಂಡನದು ಗೂಡ್ಸ್ ಆಟೊ, ಬಟ್ಟೆಯ ಬಂಡಲುಗಳನ್ನು ಬಳ್ಳಾರಿಯಿಂದ ಊರಿಗೂ ಊರಿಂದ ಬಳ್ಳಾರಿಗೂ ಸಾಗಿಸುತ್ತಿದ್ದ. ಇದೆಲ್ಲವನ್ನೂ ಆಕೆ ನನಗೆ ಮೊದಲ ದಿನವೇ ಹೇಳಿ ಮುಗಿಸಿದಳು. ಆಕೆಯ ಕಾಲು ಬಿದ್ದು ಕೈಬೆರಳು ಮರಗಟ್ಟಿದ್ದವು ಅಷ್ಟೇ, ಬಾಯಿ ಬಿದ್ದಿರಲಿಲ್ಲ. ನನ್ನದು ಕಾಲಿನಿಂದ ಕೈಗೆ, ಕೈಯಿಂದ ಎದೆಗೆ ಏರಿತು. ಉಸಿರು ಸಾಲದೆ ಗಂಟಲಿಗೆ ಕೊಳವೆ ಹಾಕಿದರು. ಅಲ್ಲಿಂದ ಮುಂದೆ ಆಕೆಯ ಮಾತನ್ನು ಕೇಳುವುದೊಂದೇ ನನ್ನ ಪಾಲಿಗೆ ಉಳಿಯಿತು.

ಮಾತನ್ನಾದರೂ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಆಕೆಯ ಗಂಡ.

ಭೇಟಿಯ ಹೊತ್ತಿಗೆ ಅವನು ಓಡಿ ಬರುತ್ತಿದ್ದ. ಬಂದವನೇ ಕೈ ತೊಳೆದು ಆಕೆಯ ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ ಜಡೆ ಹಾಕುತ್ತಿದ್ದ. ಗಂಡಸಿನ ಕೈಯ ಜಡೆ, ಸೊಟ್ಟಗಿರುತ್ತಿತ್ತು. ಆಕೆ ಬೈಯುತ್ತಿದ್ದಳು. ಅವನು ಬಿಚ್ಚಿ ಮತ್ತೆ ಹಾಕುತ್ತಿದ್ದ. ಆಮೇಲೆ ಪಾದ ಹಿಡಿದು ಒಂದೊಂದೇ ಬೆರಳು ಮಡಚಿ ಬಿಡಿಸಿ, ಬೆನ್ನಿಗೆ ಕೈಕೊಟ್ಟು ಕೂರಿಸುವಾಗ ತೆಲುಗಿನಲ್ಲಿ "ಲೆಯ್... ಲೆಯ್ ಲೆಯ್" ಎನ್ನುತ್ತಿದ್ದ. ಏಳು, ಏಳೇಳು ಎಂದು. ಎರಡನೆಯ 'ಲೆಯ್' ಸ್ವಲ್ಪ ಎಳೆದು, ಮೂರನೆಯದನ್ನು ಕತ್ತರಿಸಿದ ಹಾಗೆ. ಅದಕ್ಕೊಂದು ರಾಗವೇ ಇತ್ತು. ಆಕೆ ನಗುತ್ತಿದ್ದಳು. "ಮೂಟಿ ಎತ್ತಿದಂಗ ಎತ್ತಬ್ಯಾಡೋ, ನಾನೇನು ಬಂಡಲ್ಲೇನು?"

ನನ್ನ ಗಂಡ ನನ್ನ ಕಾಲಕಡೆ ನಿಲ್ಲುತ್ತಿದ್ದರು, ಕೈಗಳನ್ನು ಹಿಂದೆ ಕಟ್ಟಿಕೊಂಡು, ಹೆಡ್‌ಮಾಸ್ತರ ಕೋಣೆಗೆ ಬಂದ ಪೋಷಕರ ಹಾಗೆ. ಒಂದು ದಿನ ಏನು ಮಾತಾಡಬೇಕೆಂದು ತಿಳಿಯದೆ "ಊಟ ಆತೇನು?" ಎಂದು ಕೇಳಿದರು. ನನಗೆ ಮೂಗಿನ ನಳಿಕೆಯಿಂದ ಗಂಜಿ ಇಳಿಸುತ್ತಿದ್ದರು. ಅವರು ಕೆಟ್ಟವರಲ್ಲ. ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಪಕ್ಕದ ಮಂಚದಲ್ಲಿ ಎಣ್ಣೆಯ ವಾಸನೆ, ಬೈಗುಳ, ನಗು. ನನ್ನ ಮಂಚದ ಬಳಿ ಯಂತ್ರದ ಉಸಿರು ಮತ್ತು ಇವರ ಮೌನ.

ಹಾಗಿರುವಾಗ ಆಕೆ ನಡೆದಳು. ಮೊದಲು ವ್ಯಾಯಾಮದವರು ಹಿಡಿದು ನಿಲ್ಲಿಸಿದರು, ಮರುದಿನ ಮಂಚದ ಕಂಬಿ ಹಿಡಿದು ಸರಿದಳು. ಅದರ ಮರುದಿನವೋ ಏನೋ, ಕಂಬಿ ಬಿಟ್ಟು ನೇರ ನನ್ನ ಕಡೆಗೇ ಬಂದಳು. ನರ್ಸುಗಳು ಚಪ್ಪಾಳೆ ತಟ್ಟಿದರು. ನನ್ನ ಪಾದದ ಮೇಲೆ ಕೈಯಿಟ್ಟು, "ಟೀಚರ್, ನೋಡ್ರಿಲ್ಲಿ. ನೀವೂ ಹಿಂಗ ನಡೀತೀರಿ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ನನಗೆ ಮುಖ ಆಚೆ ತಿರುಗಿಸಬೇಕಿತ್ತು. ಕತ್ತು ಹೊರಳದು. ಕಣ್ಣು ಮುಚ್ಚೋಣವೆಂದರೆ ನನ್ನ ಮುಖದ ನರಗಳೂ ಸೋತಿದ್ದವು, ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ. ಮಲಗುವಾಗ ನರ್ಸು ಮುಲಾಮು ಹಚ್ಚಿ ಪಟ್ಟಿ ಅಂಟಿಸಬೇಕಿತ್ತು. ಹೀಗಾಗಿ ಆಕೆಯ ಸಂತೋಷವನ್ನು ಕೊನೆಯವರೆಗೂ, ಕಣ್ಣು ಮಿಟುಕಿಸದೆ ನೋಡಿದೆ. ಪಾಪ, ಆಕೆ ಅದನ್ನು ಪ್ರೀತಿಯೆಂದು ತಿಳಿದಿರಬೇಕು.

ಗಂಟಲಿನ ಕೊಳವೆ ತೆಗೆದು ದನಿ ಬಂದಾಗ ನಾನು ಡಾಕ್ಟರಮ್ಮನಿಗೆ ಕೇಳಿದ ಮೊದಲ ಮಾತು ನನ್ನ ಬಗ್ಗೆ ಆಗಿರಲಿಲ್ಲ. "ಆಕಿ ಎಲ್ಲಿ?"

"ಮನಿಗೆ ಹೋದ್ಲಲ್ರಿ. ಆರಾಮ ನಡಕೊಂತ ಹೋದ್ಲು."

"ಒಂದೇ ರೋಗ ಅಂದ್ರಿ. ಆಕಿಗ್ಯಾಕ ಮೊದ್ಲು ವಾಸಿ ಆತು?"

ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಕೂತರು. ಕೈಕಾಲಿಗೆ ಸಣ್ಣಗೆ ಕರೆಂಟು ಕೊಟ್ಟು ನರಗಳ ಓಟವನ್ನು ಅಳೆಯುವ ಪರೀಕ್ಷೆ ನಮ್ಮಿಬ್ಬರಿಗೂ ಮಾಡಿದ್ದರು. "ಮನಿಯಾಗ ಕರೆಂಟಿನ ವೈರು ಇರ್ತೈತಲ್ಲ, ಆಕಿದು ಮ್ಯಾಲಿನ ಪ್ಲಾಸ್ಟಿಕ್ ಅಷ್ಟೇ ಹೋಗಿತ್ತು. ಅದು ಲಗೂನ ಬೆಳೀತೈತಿ. ನಿಮ್ದು ಒಳಗಿನ ತಂತಿಗೇ ಪೆಟ್ಟು ಬಿದ್ದೈತಿ. ಅದು ಬೇರು ಬಿಟ್ಟಂಗ ಬೆಳಕೊಂತ ಕಾಲಿನ ತುದಿ ಮುಟ್ಟಬೇಕು. ತಡ ಆಗತೈತಿ. ಆದ್ರ ಆಗತೈತಿ."

ರೋಗದಲ್ಲೂ ಆಕೆಗೆ ಒಳ್ಳೆಯ ಜಾತಿಯದೇ ಸಿಕ್ಕಿತ್ತು. ನನಗೆ ಸಿಕ್ಕಿದ್ದು ಹೀಗೆ. ಮದುವೆಯಲ್ಲೂ ಹಾಗೇ ಅಲ್ಲವೇ ಎಂದು ಆ ಕ್ಷಣಕ್ಕೆ ಅನ್ನಿಸಿದ್ದನ್ನು ಅಡಗಿಸಲಾರೆ.

ಸಿರುಗುಪ್ಪಕ್ಕೆ ಬಂದೆ, ಗಾಲಿಕುರ್ಚಿಯ ಜೊತೆಗೆ. ಮನೆಗೆ ಬಂದ ಮೊದಲ ವಾರವೇ ಒಂದು ಎಡವಟ್ಟಾಯಿತು. ನನ್ನ ಗಂಡ ಧೈರ್ಯ ಮಾಡಿ ಕಂಕುಳಿಗೆ ಕೈಹಾಕಿ ನನ್ನನ್ನು ಎತ್ತಲು ಹೋದರು. ಚೇತರಿಸುತ್ತಿರುವ ನರಗಳಿಗೆ ಮುಟ್ಟಿದರೆ ಬೆಂಕಿ. ಹೆಗಲಿನಿಂದ ಬೆರಳ ತುದಿಯವರೆಗೆ ಉರಿ ಹರಿದು, "ಮುಟ್ಟಬ್ಯಾಡ್ರಿ ನನ್ನ!" ಎಂದು ಕಿರುಚಿದೆ. ಬೀದಿಗೆಲ್ಲ ಕೇಳಿಸಿತು. ಅವರು ಬೆಚ್ಚಿ ಹಿಂದೆ ಸರಿದರು. ಆಮೇಲೆ ನನ್ನನ್ನು ಎತ್ತುವ, ಕೂರಿಸುವ ಕೆಲಸ ಅತ್ತೆಗೂ ಮನೆಗೆಲಸದಾಕೆಗೂ ಬಿತ್ತು. ವಾರಕ್ಕೊಂದೆರಡು ಸಲ ವ್ಯಾಯಾಮ ಮಾಡಿಸುವವರು ಬರುತ್ತಿದ್ದರು. ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಒಂದು ಸಂಜೆ ನನ್ನೆದುರು ಫೋನು ಹಿಡಿದು, "ಇಲ್ನೋಡು, ಆಟೊದವ ಕಳಿಸ್ಯಾನ," ಎಂದರು. ವಿಡಿಯೊದಲ್ಲಿ ಕುರುಗೋಡಿನ ಗುಡ್ಡದ ಮೆಟ್ಟಿಲನ್ನು ಆಕೆ ಏರುತ್ತಿದ್ದಳು. ಮೇಲೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತು ನಕ್ಕಳು. "ಎಂಥಾ ಗಟ್ಟಿ ಮನಿಷಾಳು ನೋಡು," ಎಂದರು ನನ್ನ ಗಂಡ. ಅವರ ಮುಖ ಹಿಗ್ಗಿತ್ತು.

ತೊಡೆಯ ಮೇಲೆ ನೀರಿನ ಸ್ಟೀಲ್ ಲೋಟವಿತ್ತು. ಅದನ್ನು ಎತ್ತಿ ಗೋಡೆಗೆ ಎಸೆಯಬೇಕೆಂದು ಎರಡೂ ಕೈಗಳನ್ನು ಕೂಡಿಸಿದೆ. ಎಸೆಯುವಷ್ಟು ಶಕ್ತಿ ಎಲ್ಲಿತ್ತು? ಲೋಟ ಉರುಳಿ ಸೀರೆ ಒದ್ದೆಯಾಯಿತು. ಇವರು ಗಾಬರಿಯಿಂದ ಟವಲ್ ತಂದು ನೆಲ ಒರೆಸುತ್ತಾ, "ನೀರು ಬೇಕಾಗಿತ್ತೇನು? ಕೇಳಬಾರದೇನು?" ಎಂದರು.

ಆ ತಿಂಗಳಿಂದ ಭಾನುವಾರಗಳಲ್ಲಿ ಇವರು ಮನೆಯಲ್ಲಿ ಇರದಾದರು. ಬೆಳಿಗ್ಗೆ ಸ್ಕೂಟರ್ ತೊಳೆದು, ಇಸ್ತ್ರಿ ಅಂಗಿ ತೊಟ್ಟು ಹೋದರೆ ಮಧ್ಯಾಹ್ನ ಊಟದ ಹೊತ್ತು ಮೀರಿ ಬರುವುದು. ಗಿರಣಿಗೆ ಭಾನುವಾರ ರಜೆ. ಕೇಳಿದರೆ "ಸ್ವಲ್ಪ ಕೆಲಸ ಇತ್ತು" ಎನ್ನುವರು. ಒಂದು ಸಲ ಕಾಗದದ ಪೊಟ್ಟಣದಲ್ಲಿ ಅಂಜೂರ ತಂದರು. ತೊಟ್ಟಿನಲ್ಲಿ ಇನ್ನೂ ಹಾಲು ಆರಿರಲಿಲ್ಲ.

"ಎಲ್ಲಿವು?"

"ಬಜಾರದಾಗ ಸಿಕ್ವು."

ಅತ್ತೆ ಒಂದನ್ನು ಬಿಡಿಸಿ ಬಾಯಿಗೆ ಹಾಕಿಕೊಂಡು, ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಹೇಳಿದರು. "ಬಜಾರದವೆಲ್ಲಿ ಹಿಂಗ ಇರ್ತಾವೋ? ಇವು ಗಿಡದಾಗ ಹಣ್ಣಾದವು. ಕುರುಗೋಡು ಕಡೀವು."

ಇವರು ಪೊಟ್ಟಣ ಎತ್ತಿಕೊಂಡು ಅಡುಗೆಮನೆಗೆ ಹೋದರು. ಮಲಗಿದವಳ ಅನುಮಾನಕ್ಕೆ ಕಾಲು ಬೇಕಿಲ್ಲ, ಅದು ಸಿರಿಗೇರಿ ದಾಟಿ ಕುರುಗೋಡಿಗೆ ಹೋಗಿ ಆ ಮನೆಯ ಅಂಗಳದಲ್ಲಿ ನಿಂತು ಬರುತ್ತಿತ್ತು. ಅಲ್ಲಿ ಆಕೆ ಓಡಾಡುತ್ತಿರುತ್ತಾಳೆ. ಚಹಾ ಕೊಡುತ್ತಾಳೆ. ನನ್ನ ಗಂಡ ನಡೆಯುವ ಹೆಂಗಸೊಬ್ಬಳನ್ನು ನೋಡುತ್ತಾ ಕೂತಿರುತ್ತಾರೆ. ಇದಕ್ಕಿಂತ ಮುಂದೆ ಹೋಗಲು ನನ್ನ ಬುದ್ಧಿಗೆ ನಾಚಿಕೆಯಾಗುತ್ತಿತ್ತು. ಆದರೂ ಒಮ್ಮೊಮ್ಮೆ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಮನೆಗೆಲಸದಾಕೆ ಬರಲಿಲ್ಲ. ಅತ್ತೆಗೆ ಸೊಂಟ ಹಿಡಿದಿತ್ತು. ನನ್ನ ಗಂಡ ಕೋಣೆಯೊಳಗೆ ಬಂದು, ಅಂಗಿಯ ತೋಳು ಮಡಚಿ, ಕೇಳದೆಯೇ ಮಂಚದ ಅಂಚಿಗೆ ನನ್ನನ್ನು ಸರಿಸಿದರು. ನನ್ನ ಮಂಡಿಗಳಿಗೆ ತಮ್ಮ ಮಂಡಿ ಒತ್ತಿ ನಿಲ್ಲಿಸಿದರು. ಕಂಕುಳಿಗಲ್ಲ, ಸೊಂಟದ ಹಿಂದೆ ಕೈಕಟ್ಟಿದರು. ಎಲ್ಲಿಯೂ ನೋಯಲಿಲ್ಲ.

"ಮುಂದಕ ಬಗ್ಗು. ನನ್ನ ಹೆಗಲು ನೋಡು. ಲೆಯ್... ಲೆಯ್ ಲೆಯ್."

ನಾನು ಎದ್ದು ನಿಂತೆ. ತಿಂಗಳುಗಳ ಮೇಲೆ ಮೊದಲ ಸಲ, ಅವರ ಕೊರಳ ಹತ್ತಿರ ಮುಖವಿಟ್ಟು. ಕಿಟಕಿಯ ಆಚೆಯ ರಸ್ತೆ ನಿಂತ ಎತ್ತರದಿಂದ ಕಂಡಿತು. ಸಂತೋಷಪಡಬೇಕಿತ್ತು. ಆದರೆ ನನ್ನ ಕಿವಿ ಆ ಮಾತಿನಲ್ಲೇ ಸಿಕ್ಕಿಹಾಕಿಕೊಂಡಿತ್ತು. ಸಿರುಗುಪ್ಪದ ಬಜಾರಿನಲ್ಲಿ ತೆಲುಗು ಯಾರಿಗೆ ಬರುವುದಿಲ್ಲ? ಗಿರಣಿಯಲ್ಲಿ ಇವರೂ ಆಡುತ್ತಾರೆ. ನನ್ನ ಜೊತೆ ಎಂದೂ ಆಡಿದವರಲ್ಲ. ಮತ್ತು ಆ ರಾಗ, ಎಳೆದ ಎರಡನೆಯದು, ಕತ್ತರಿಸಿದ ಮೂರನೆಯದು, ಅದು ಇನ್ನೊಬ್ಬಳನ್ನು ಎಬ್ಬಿಸಿದ ರಾಗ.

"ಇದನ್ನ ಎಲ್ಲಿ ಕಲಿತ್ರಿ?"

"ಎಲ್ಲೋ ಕೇಳಿದ್ದೆ," ಎಂದು ನನ್ನನ್ನು ಕುರ್ಚಿಗೆ ಇಳಿಸಿದರು.

ಅದೇ ವಾರ ಡಾಕ್ಟರಮ್ಮನ ಬಳಿಗೆ ಹೋಗುವುದಿತ್ತು. ಆಸ್ಪತ್ರೆಯಿಂದ ಬಿಟ್ಟವರನ್ನು ಅವರು ಕಂಟೋನ್ಮೆಂಟಿನ ತಮ್ಮ ಕ್ಲಿನಿಕ್ಕಿನಲ್ಲಿ ನೋಡುತ್ತಿದ್ದರು, ಎತ್ತರದ ಮಾಡಿನ ಹಳೆಯ ಬಂಗಲೆ, ಜಗುಲಿಯಲ್ಲಿ ಬೆಂಚುಗಳು, ಎದುರಿಗೆ ಬೇವಿನ ಮರ. ಕೈ ನಡುಗುವವರು, ಬಾಯಿ ಸೊಟ್ಟಗಾದವರು, ತಲೆನೋವಿಗೆ ಟವಲ್ ಬಿಗಿದವರು ಸಾಲಾಗಿ ಕೂತಿರುತ್ತಿದ್ದರು. ಅಂದು ಕುರುಗೋಡಿನವರೂ ಬಂದಿದ್ದರು. ಆಕೆ ಹೆಗಲಿಗೆ ತಾನೇ ಹೊಲಿದ ಜೀನ್ಸ್ ಬಟ್ಟೆಯ ಚೀಲ ಹಾಕಿಕೊಂಡು, ಕೋಲಿಲ್ಲ ಏನಿಲ್ಲ, ನನ್ನ ಗಾಲಿಕುರ್ಚಿಯ ಬಳಿ ಬಂದಳು.

"ಟೀಚರ್! ಹೆಂಗದೀರಿ? ಸರ್ ಎತ್ತಾಕ ಹತ್ತ್ಯಾರೇನ್ರಿ ಈಗ?"

ನಾನು ನನ್ನ ಗಂಡನತ್ತ ನೋಡಿದೆ. ಅವರು ಬೇವಿನ ಮರವನ್ನು ಮೊದಲ ಸಲ ಕಂಡವರಂತೆ ನೋಡುತ್ತಿದ್ದರು.

"ಹೇಳಿಲ್ಲೇನ್ರಿ?" ಆಕೆಗೆ ನಗು ತಡೆಯಲಾಗಲಿಲ್ಲ. "ಭಾನುವಾರ ಭಾನುವಾರ ನಮ್ಮನಿಗೆ ಬರ್ತಾರಲ್ರಿ. ನಮ್ಮಾಂವ ಅಂಗಳದಾಗ ಕಾಲು ಬಿದ್ದೋರಂಗ ಮಲಗ್ತಾನ, ಸರ್ ಎತ್ತಿ ಎತ್ತಿ ಕುಂದ್ರಿಸ್ತಾರ. ಮೊದಲ ವಾರ ಇಬ್ರೂ ಬಿದ್ದು ಮೈಯೆಲ್ಲಾ ಮಣ್ಣು. ಸರ್ ನಕ್ಕೂ ನಕ್ಕೂ, ಏಳಾಕ ಆಗವಲ್ಲದು ಅವರಿಗೆ!"

ಆಕೆಯ ಗಂಡ ಪಕ್ಕದಿಂದ, "ಏ ಸುಮ್ಕಿರಲೇ," ಎಂದ.

ಮುಟ್ಟಬೇಡಿ ಎಂದು ನಾನು ಕಿರುಚಿದ ಮೇಲೆ, ನೋಯದಂತೆ ಮುಟ್ಟುವುದು ಹೇಗೆಂದು ಕಲಿಯಲು ಇವರು ಅಷ್ಟು ದೂರ ಹೋಗುತ್ತಿದ್ದರು. ಕೇಳಲು ಎಷ್ಟು ಚೆಂದ. ಯಾವ ಹೆಂಡತಿಯಾದರೂ ಕರಗಬೇಕು. ನಾನೂ ಕರಗಿದೆ, ಅರ್ಧ. ಇನ್ನರ್ಧ ಬೇರೊಂದು ಕಡೆಯಿಂದ ಉರಿಯಿತು. ನನ್ನ ಗಂಡ ನಕ್ಕೂ ನಕ್ಕೂ ಏಳಲಾರದಂತಾಗಿದ್ದನ್ನು ನಾನು ನೋಡಿಯೇ ಇಲ್ಲ. ಇಷ್ಟು ವರ್ಷಗಳ ಸಂಸಾರದಲ್ಲಿ ಒಮ್ಮೆಯೂ ಇಲ್ಲ. ನನಗೆ ಸಿಗದ ಗಂಡನೊಬ್ಬ ಆಕೆಯ ಅಂಗಳದಲ್ಲಿ ಮಣ್ಣಾಗಿ ಬಿದ್ದು ನಕ್ಕಿದ್ದ.

ಒಳಗೆ ಡಾಕ್ಟರಮ್ಮ ಮಂಡಿಗೆ ಸುತ್ತಿಗೆ ಹೊಡೆದಾಗ ಬಲಗಾಲು ಒಂದಿಷ್ಟು ಕದಲಿತು. ಅವರಿಗೆ ಖುಷಿಯೋ ಖುಷಿ. "ಬಂತು ನೋಡ್ರಿ! ಮತ್ತೇನಾರ ತ್ರಾಸ ಐತೇನು?"

"ಹೊಟ್ಟಿಕಿಚ್ಚಿಗೆ ಏನಾರ ಗುಳಿಗಿ ಐತೇನ್ರಿ?" ಎಂದೆ. ಅಳುವೂ ನಗುವೂ ಕೂಡಿ ಬಂದಿದ್ದವು.

ಅವರು ನನ್ನನ್ನೂ, ಬಾಗಿಲಾಚೆ ಕಾಣುತ್ತಿದ್ದ ಆಕೆಯನ್ನೂ ಒಮ್ಮೆ ನೋಡಿದರು. "ಇದ್ದಿದ್ರ ಮೊದ್ಲು ನಾನೇ ನುಂಗತಿದ್ನಿ," ಎಂದು ಚೀಟಿ ಬರೆಯತೊಡಗಿದರು.

ಗಂಡಸರು ಔಷಧಿ ತರಲು ಹೋದಾಗ ಆಕೆ ಬೆಂಚಿನ ಮೇಲೆ ನನ್ನ ಪಕ್ಕ ಕೂತಳು. ಬಲಗೈಯ ಬೆರಳು ಚಾಚಿದಳು. ತೋರುಬೆರಳಿನ ತುದಿಯಲ್ಲಿ ತೂತು ಬಿದ್ದು ಕಪ್ಪುಗಟ್ಟಿದ ಗಾಯ.

"ಮಿಷನ್ ಸೂಜಿ ಹೋಗಿದ್ದು ತಿಳೀಲೇ ಇಲ್ರಿ. ಬಟ್ಟಿ ಮ್ಯಾಲೆ ರಕ್ತ ನೋಡಿ ಗೊತ್ತಾತು. ಬೆರಳಿಗೆ ಇನ್ನಾ ಜೀವ ಬಂದಿಲ್ಲ." ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ನಾ ನಡದ್ನಿ ಅಂತ ಎಲ್ಲಾರೂ ಚಪ್ಪಾಳಿ ಹೊಡೆದ್ರು. ಊರಿಗೆ ಹೋದ ಮರುದಿನ ಬಂಡಲ್ ಬಂದು ಇಳಿದ್ವು. ನಡಿಯೋಳಿಗೆ ಏನು ರೋಗ ಅಂತಾರ. ಖರೇ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ ಟೀಚರ್. ನೀವು ಮಲಗೀರಲ್ಲ, ನಿಮ್ಮನ್ನ ನೆನಸ್ಕೊಂಡ್ರ ನನಗ ಹೊಟ್ಟಿ ಉರೀತೈತಿ. ನನಗೂ ಮಲಗಬೇಕಾಗೈತಿ."

ಆಕೆಯ ಬೆರಳನ್ನು ನನ್ನ ಸೋತ ಬೆರಳುಗಳಲ್ಲಿ ಹಿಡಿದುಕೊಂಡೆ. ಹಿಡಿದದ್ದು ಆಕೆಗೂ ಸರಿಯಾಗಿ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಅದರಿಂದ ನನ್ನ ಕಿಚ್ಚು ಆರಿತೆಂದು ಬರೆದರೆ ಸುಳ್ಳಾದೀತು. ಆಕೆ ಎದ್ದು ಹೋಗುವಾಗ ಆ ಹಗುರ ಹೆಜ್ಜೆಗಳನ್ನು ಮತ್ತೆ ಅದೇ ಕಣ್ಣಿನಿಂದಲೇ ನೋಡಿದೆ. ಈಗ ರೆಪ್ಪೆ ಮುಚ್ಚಬಹುದಿತ್ತು, ಮುಚ್ಚಲಿಲ್ಲ.

ಆಮೇಲಿನದು ನಿಧಾನದ ಕಥೆ. ಬೆಳಿಗ್ಗೆ ಸಂಜೆ ಇವರೇ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. 'ಲೆಯ್' ಎನ್ನಬೇಡಿ ಎಂದು ಹೇಳಿದೆ. "ಮತ್ತೇನನ್ನಲಿ?" ಎಂದು ಕೇಳಿದರು. ನನಗೂ ಹೊಳೆಯಲಿಲ್ಲ. ಹೀಗಾಗಿ ಅವರು ಏನೂ ಅನ್ನದೆ ಎತ್ತಿದರು. ನಾನು ಏನೂ ಅನ್ನದೆ ಎದ್ದೆ. ವಾಕರ್ ಬಂತು, ಹೋಯಿತು. ಪಾದ ಇನ್ನೂ ಕೆಳಗೆ ಜೋತು ಬೀಳುತ್ತಿದ್ದರಿಂದ ಎರಡೂ ಕಾಲಿಗೆ ಮಂಡಿಯವರೆಗೆ ಪ್ಲಾಸ್ಟಿಕ್ಕಿನ ಪಟ್ಟಿ ಬಂತು. ಅದನ್ನು ಕಟ್ಟಿಕೊಂಡು ಹೊಸ ವರ್ಷದ ತರಗತಿಗಳಿಗೆ ಸಿರಿಗೇರಿಗೆ ಹೋದೆ. ಕುರ್ಚಿಯಲ್ಲಿ ಕೂತು ಪಾಠ ಮಾಡಿದೆ. ಈಗಲೂ ಹಾಗೆಯೇ ಮಾಡುತ್ತೇನೆ.

ಶಾಲೆ ಶುರುವಾದ ಮೇಲೆ ಒಂದು ಭಾನುವಾರ ಆಕೆ ಊಟಕ್ಕೆ ಕರೆದಳು. ಬೇಡವೆನ್ನಲು ಕಾರಣ ಸಿಗಲಿಲ್ಲ, ಹೋದೆ. ರೊಟ್ಟಿ, ಪುಂಡಿಪಲ್ಯ, ಹುರಿದ ಮೆಣಸಿನಕಾಯಿ. ಊಟವಾದ ಮೇಲೆ ಆಟೊದವನು ಅಂಗಳದ ಬೇವಿನ ನೆರಳಿಗೆ ಹೋಗಿ ಸುಮ್ಮನೆ ಕಾಲು ಚಾಚಿ ಬಿದ್ದುಕೊಂಡ. "ಬರ್ರಿ ಸರ್, ಟೀಚರ್‌ಗೆ ತೋರಸೋಣು!" ನನ್ನ ಗಂಡ ಹೋದರು. ಎತ್ತಲು ಬಗ್ಗಿದರು. ಅವನು ಬೇಕೆಂದೇ ಮೈ ಸಡಿಲ ಬಿಟ್ಟ. ಇಬ್ಬರೂ ಬಿದ್ದರು. ನನ್ನ ಗಂಡ ಮಣ್ಣಿನಲ್ಲಿ ಕೂತು, ಕನ್ನಡಕ ಸೊಟ್ಟಗಾಗಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಹಲ್ಲುಗಳೆಲ್ಲ ಕಾಣುತ್ತಿದ್ದವು. ಆಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದಳು. ನಾನೂ ನಕ್ಕೆ, ಮುಖದ ಎಡಭಾಗ ಇನ್ನೂ ಪೂರ್ತಿ ಏಳದಿದ್ದರೂ.

ವಾಪಸು ಬರುವಾಗ ಸ್ಕೂಟರಿನ ಹಿಂದೆ ಕೂತು ಕೇಳಿಯೇ ಬಿಟ್ಟೆ. "ನನ್ನ ಮುಂದ ಯಾಕ ಹಂಗ ನಗಂಗಿಲ್ಲ ನೀವು?"

ಎರಡೂ ಬದಿಗೆ ನಾಟಿ ಮಾಡಿದ ಗದ್ದೆಗಳು ಹಿಂದೆ ಹೋಗುತ್ತಿದ್ದವು. ಸಿರಿಗೇರಿ ಬಂತು, ದಾಟಿತು. ಆಮೇಲೆ ತಲೆ ಅರ್ಧ ಹಿಂದಕ್ಕೆ ತಿರುಗಿಸಿ ಹೇಳಿದರು. "ನೀ ಟೀಚರ್ ಅಲ್ಲೇನು? ಮನಿಯಾಗೂ ಕ್ಲಾಸಿನ್ಯಾಗ ಕುಂದ್ರಿಸಿದಂಗ ಕುಂದ್ರಿಸ್ತೀ. ನಗಾಕ ಅಂಜಿಕಿ ಬರತೈತಿ."

ಸಿಟ್ಟು ನೆತ್ತಿಗೇರಿತು. ಆಮೇಲೆ ಏಕೋ ಹೇಳತೊಡಗಿದೆ. ಶಾಲೆಗೆ ಮರಳಿದ ದಿನ ಎರಡನೇ ತರಗತಿಯ ಹುಡುಗಿಯೊಬ್ಬಳು ನನ್ನ ಕಾಲಿನ ಪಟ್ಟಿಗಳನ್ನು ಬಗ್ಗಿ ಬಗ್ಗಿ ನೋಡಿ, ಗಂಭೀರವಾಗಿ ಕೇಳಿದ್ದಳು. "ಟೀಚರ್, ಇವನ್ನ ದಿನಾ ಚಾರ್ಜಿಗೆ ಹಾಕ್ತೀರೇನ್ರಿ?"

ಸ್ಕೂಟರ್ ಒಂದು ಸಲ ತೂರಾಡಿತು. ಅವರ ಬೆನ್ನು ಕುಲುಕುತ್ತಿತ್ತು. ನಗುತ್ತಿದ್ದರು, ಗಟ್ಟಿಯಾಗಿಯೇ. ಗಾಳಿಗೆ ಅರ್ಧ ಹಾರಿಹೋಗುತ್ತಿತ್ತು. ಉಳಿದರ್ಧವನ್ನು ನಾನು ಕಿವಿಗೊಟ್ಟು ಅಳೆದೆ. ಕುರುಗೋಡಿನ ಅಂಗಳದ ನಗುವಿಗಿಂತ ಒಂದು ಕೂದಲೆಳೆ ಸಣ್ಣದೇ ಅನ್ನಿಸಿತು.

"ಇನ್ನೊಂದು ಹೇಳ್ಲೇನು?" ಎಂದೆ.